ಕಪ್ಪೆ ಇದೆಯೋ ಇಲ್ಲವೋ

ನಾನು ಬೆಂಗಳೂರಿನಲ್ಲಿ ಏನು ಕೆಲಸ ಮಾಡುತ್ತೇನೆ ಎಂಬುದು ಅರಸೀಕೆರೆ ಕಡೆಯ ನನ್ನ ನೆಂಟರಿಷ್ಟರಿಗೆ ಇಪ್ಪತ್ತು ವರ್ಷಗಳಿಂದ ಬಗೆಹರಿಯದ ಪ್ರಶ್ನೆ. ‘ಕಂಪ್ಯೂಟರ್ ಕೆಲಸ’ ಎಂದರೆ ಅವರಿಗೆ ಸಮಾಧಾನವಿಲ್ಲ. ಈಗ ಹಳ್ಳಿಯ ಸೊಸೈಟಿಯಲ್ಲೂ ಕಂಪ್ಯೂಟರ್ ಇದೆ. ಒಮ್ಮೆ ಮದುವೆ ಮನೆಯಲ್ಲಿ, ‘ಕರ್ನೆಲ್ ಪರೀಕ್ಷೆ ಮಾಡುತ್ತೇನೆ’ ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ದೊಡ್ಡಪ್ಪನ ಮಗ ಎಲೆಯಿಂದ ತಲೆಯೆತ್ತಿ, ‘ಮಿಲಿಟರಿಯವರನ್ನಾ?’ ಎಂದ.

ಮಿಲಿಟರಿಯ ಕರ್ನಲ್ ಬೇರೆ, ಇದು ಬೇರೆ. ಇಂಗ್ಲಿಷಿನ ಈ ಕರ್ನೆಲ್ ಎಂಬ ಮಾತಿಗೆ ತಿರುಳು ಎಂದೇ ಅರ್ಥ. ತಿರುಳಿನ ವಿಷಯವನ್ನು ನಮ್ಮ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅರಸೀಕೆರೆ, ತಿಪಟೂರು ಕಡೆ ಉಂಡೆ ಕೊಬ್ಬರಿ ಮಾಡುವವರು ಕಾಯಿಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ಇಂಗಬೇಕು, ತಿರುಳು ಒಣಗಿ ಚಿಪ್ಪಿನಿಂದ ಬಿಡಿಸಿಕೊಳ್ಳಬೇಕು. ಆಗಿದೆಯೋ ಇಲ್ಲವೋ ತಿಳಿಯಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಗಡಗಡ ಎಂದರೆ ಕೊಬ್ಬರಿ. ಗುಳುಗುಳು ಎಂದರೆ ಇನ್ನೂ ನೀರಿದೆ. ಒಡೆದು ನೋಡಿದರೆ ಖಚಿತವಾಗಿ ತಿಳಿಯುತ್ತದೆ, ನಿಜ. ಆದರೆ ಒಡೆದ ಮೇಲೆ ಆ ಕಾಯಿ ಉಂಡೆ ಕೊಬ್ಬರಿ ಆಗುವುದಿಲ್ಲ.

ನನ್ನ ಕೆಲಸವೂ ಅಷ್ಟೇ, ಒಡೆಯದೆ ಅಲ್ಲಾಡಿಸಿ ನೋಡುವುದು. ಕಂಪ್ಯೂಟರ್ ಇರಲಿ, ಮೊಬೈಲ್ ಇರಲಿ, ಅದರ ಒಳಗೆ ಎಲ್ಲಕ್ಕೂ ಮೂಲವಾಗಿ ಕರ್ನೆಲ್ ಎಂಬ ತಂತ್ರಾಂಶ ಇರುತ್ತದೆ. ಯಾವ ಕಾರ್ಯಕ್ರಮಕ್ಕೆ ಎಷ್ಟು ಸ್ಮೃತಿ ಕೊಡಬೇಕು, ಯಾವುದು ಮೊದಲು ಓಡಬೇಕು, ಡಿಸ್ಕಿಗೆ ಯಾರು ಬರೆಯಬಹುದು ಎಂಬುದನ್ನೆಲ್ಲ ತೀರ್ಮಾನಿಸುವುದು ಅದು. ಮೇಲಿನ ಒಂದು ಆ್ಯಪ್ ಕೆಟ್ಟರೆ ಅದೊಂದೇ ನಿಲ್ಲುತ್ತದೆ. ಕರ್ನೆಲ್ ಕೆಟ್ಟರೆ ಇಡೀ ಯಂತ್ರವೇ ನಿಂತುಹೋಗುತ್ತದೆ. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಹವ್ಯಾಸಕ್ಕೆಂದು ಆರಂಭಿಸಿದ ಲಿನಕ್ಸ್ ಕರ್ನೆಲ್ ಇಂದು 3 ಕೋಟಿ ಸಾಲುಗಳಿಗೂ ಮಿಗಿಲಾಗಿ ಬೆಳೆದಿದೆ. ಆಂಡ್ರಾಯ್ಡ್ ಫೋನುಗಳ ಒಳಗಿರುವುದೂ ಅದೇ. ಇಷ್ಟನ್ನು ಮನುಷ್ಯರು ಕೂತು ಓದಿ ದೋಷ ಹುಡುಕುತ್ತೇವೆ ಎಂದರೆ ಆಯುಷ್ಯ ಸಾಲದು. ಹಾಗಾಗಿ ದೋಷ ಹುಡುಕುವುದಕ್ಕೂ ಯಂತ್ರಗಳನ್ನೇ ಹಚ್ಚಿದ್ದೇವೆ. ಯಂತ್ರ ಹಗಲಿರುಳೂ ಹುಡುಕಿ, ಇಲ್ಲಿ ದೋಷವಿದೆ, ಅಲ್ಲಿ ದೋಷವಿದೆ ಎಂದು ಕೂಗುತ್ತಲೇ ಇರುತ್ತದೆ. ಆ ಕೂಗಿನಲ್ಲಿ ಯಾವುದು ನಿಜ, ಯಾವುದು ಸುಳ್ಳು ಎಂದು ವಿಂಗಡಿಸುವುದು ನನ್ನ ಪಾಲಿನ ಕೆಲಸ. ಸುಳ್ಳು ಕೂಗಿಗೆ ನಮ್ಮವರು ‘ಫಾಲ್ಸ್ ಪಾಸಿಟಿವ್’ ಎನ್ನುತ್ತಾರೆ.

ಮಳೆಯಲ್ಲಿ ಹುಟ್ಟಿದ ವಿದ್ಯೆ

ಈ ಯಂತ್ರ ಪರೀಕ್ಷೆಯ ವಿದ್ಯೆ ಹುಟ್ಟಿದ್ದು ಒಂದು ಗುಡುಗು ಮಳೆಯ ರಾತ್ರಿ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಬಾರ್ಟನ್ ಮಿಲ್ಲರ್ 1988ರಲ್ಲಿ ಮನೆಯಿಂದ ಟೆಲಿಫೋನ್ ತಂತಿಯ ಮೂಲಕ ವಿಶ್ವವಿದ್ಯಾಲಯದ ಯೂನಿಕ್ಸ್ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಿದ್ದರು. ಸಿಡಿಲು ಮಳೆಗೆ ತಂತಿಯಲ್ಲಿ ಗೊರಗೊರ ಸೇರಿ, ಅವರು ಒತ್ತಿದ ಅಕ್ಷರಗಳ ನಡುವೆ ಕಸದ ಅಕ್ಷರಗಳು ನುಗ್ಗತೊಡಗಿದವು. ಕಸ ಬರುವುದು ಆಶ್ಚರ್ಯವಲ್ಲ. ಆ ಕಸ ಬಿದ್ದೊಡನೆ ಹೆಸರುವಾಸಿ ಕಾರ್ಯಕ್ರಮಗಳೇ ಕುಸಿದು ಬೀಳುತ್ತಿದ್ದುದು ಅವರಿಗೆ ಆಶ್ಚರ್ಯವಾಯಿತು. ಮರುದಿನ ನಮ್ಮಲ್ಲಿ ಒಬ್ಬ ‘ಲೈನ್ ಸರಿಯಿಲ್ಲ’ ಎಂದು ದೂರು ಬರೆದು ಸುಮ್ಮನಾಗುತ್ತಿದ್ದನೋ ಏನೋ. ಮಿಲ್ಲರ್ ಅದನ್ನೇ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಆಗಿ ಕೊಟ್ಟರು. ಬೇಕೆಂದೇ ಕಸ ಉಣಿಸಿ, ಯಾವ ಕಾರ್ಯಕ್ರಮ ತಡೆದುಕೊಳ್ಳುತ್ತದೆ ನೋಡಿ ಎಂದರು. 1990ರಲ್ಲಿ ಫಲಿತಾಂಶ ಅಚ್ಚಾಯಿತು. ಪರೀಕ್ಷಿಸಿದ ಯೂನಿಕ್ಸ್ ಉಪಕರಣಗಳಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಕುಸಿದಿದ್ದವು. ಈ ಬಗೆಯ ಪರೀಕ್ಷೆಗೆ ‘ಫಜ್’ ಎಂಬ ಹೆಸರು ಅಂದಿನಿಂದ ನಿಂತಿತು.

ಅದೇ ವಿದ್ಯೆ ಈಗ ಕರ್ನೆಲ್‌ವರೆಗೆ ಬಂದಿದೆ. ಗೂಗಲ್‌ನ ದ್ಮಿತ್ರಿ ವ್ಯೂಕೋವ್ 2015ರ ಸುಮಾರಿಗೆ ಆರಂಭಿಸಿದ ‘ಸಿಜ್‌ಕಾಲರ್’ ಎಂಬ ಸಲಕರಣೆ ಕರ್ನೆಲ್‌ಗೆ ಎಡಬಿಡದೆ ವಿಚಿತ್ರ ಬೇಡಿಕೆಗಳನ್ನು ಸಲ್ಲಿಸುತ್ತದೆ. ಇಲ್ಲದ ಕಡತವನ್ನು ತೆರೆ, ತೆರೆದದ್ದನ್ನು ಎರಡು ಸಲ ಮುಚ್ಚು, ಮುಚ್ಚಿದ್ದಕ್ಕೆ ಬರೆ, ಹೀಗೆ. ತುಂಟ ಮಗುವೊಂದನ್ನು ಸ್ಟೇಷನ್ನಿನ ಸನ್ನೆಗಳ ಮುಂದೆ ಬಿಟ್ಟ ಹಾಗೆ. ಕರ್ನೆಲ್ ಮುಗ್ಗರಿಸಿದರೆ ‘ಸಿಜ್‌ಬಾಟ್’ ಎಂಬ ಅದರ ಗುಮಾಸ್ತ ತಾನೇ ವರದಿ ಬರೆದು ಸಂಬಂಧಪಟ್ಟ ತಂತ್ರಜ್ಞರಿಗೆ ಕಳಿಸುತ್ತದೆ. ಇದು 2017ರಿಂದ ನಡೆದುಬಂದಿದೆ.

ಕೆಂಪು ದೀಪದ ಪಾಠ

ನಮ್ಮ ತಂದೆ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದರು. ಹುಬ್ಬಳ್ಳಿ ಕಡೆಯ ಹಳಿಯೂ ಹಾಸನದ ಕಡೆಯ ಹಳಿಯೂ ಕವಲೊಡೆಯುವ ಊರಿನಲ್ಲಿ ಬೆಳೆದವರಿಗೆ ಸಿಗ್ನಲ್ಲಿನ ಮಾತು ಊಟದ ಜೊತೆಗಿನ ಉಪ್ಪಿನಕಾಯಿ. ಸುಳ್ಳು ಎಚ್ಚರಿಕೆಯ ತತ್ತ್ವ ನನಗೆ ತಿಳಿದದ್ದು ಅವರಿಂದಲೇ ಹೊರತು ಯಾವ ಪುಸ್ತಕದಿಂದಲೂ ಅಲ್ಲ.

ಹಳಿಗಳಲ್ಲಿ ಸಣ್ಣಗೆ ವಿದ್ಯುತ್ ಹರಿಸಿರುತ್ತಾರೆ. ಅದು ಇನ್ನೊಂದು ತುದಿಯ ರಿಲೇಯನ್ನು ಎತ್ತಿ ಹಿಡಿದಿರುತ್ತದೆ. ರೈಲು ಬಂದರೆ ಅದರ ಗಾಲಿ-ಅಚ್ಚು ಎರಡು ಹಳಿಗಳನ್ನೂ ಕೂಡಿಸುವುದರಿಂದ ವಿದ್ಯುತ್ ಅಡ್ಡದಾರಿ ಹಿಡಿಯುತ್ತದೆ, ರಿಲೇ ಬೀಳುತ್ತದೆ, ಸಿಗ್ನಲ್ ಕೆಂಪಾಗುತ್ತದೆ. ಸ್ವಾರಸ್ಯವೇನೆಂದರೆ ಹಳಿ ಮುರಿದರೂ ರಿಲೇ ಬೀಳುತ್ತದೆ. ತಂತಿ ತುಂಡಾದರೂ, ಬ್ಯಾಟರಿ ಸತ್ತರೂ ಬೀಳುತ್ತದೆ. ಜೋರು ಮಳೆಗೆ ಜಲ್ಲಿಕಲ್ಲು ನೆನೆದು ವಿದ್ಯುತ್ ಸೋರಿದರೂ ಬೀಳುತ್ತದೆ. ಆಗ ರೈಲೇ ಇಲ್ಲದ ಹಳಿಗೆ ಕೆಂಪು ದೀಪ! ಇದು ಸುಳ್ಳು ಎಚ್ಚರಿಕೆ. ಆದರೆ ರೈಲ್ವೆಯವರು ಇದನ್ನು ‘ರೈಟ್ ಸೈಡ್ ಫೇಲ್ಯೂರ್’ ಎನ್ನುತ್ತಾರೆ, ಅಂದರೆ ಕೆಟ್ಟರೂ ಒಳ್ಳೆಯ ಕಡೆಗೆ ಕೆಟ್ಟದ್ದು. ಹಳಿಗೆ ತುಕ್ಕು ಹಿಡಿದು, ರೈಲು ನಿಂತಿದ್ದರೂ ರಿಲೇ ಬೀಳದೆ ಸಿಗ್ನಲ್ ಹಸಿರು ತೋರಿಸಿದರೆ ಅದು ‘ರಾಂಗ್ ಸೈಡ್ ಫೇಲ್ಯೂರ್’. ಮೊದಲನೆಯದರಲ್ಲಿ ಹೊತ್ತು ಹಾಳು. ಎರಡನೆಯದರಲ್ಲಿ ಜನ ಸಾಯುತ್ತಾರೆ.

‘ಮಳೆ ಬಂದಿದೆ, ಜಲ್ಲಿ ನೆಂದಿರುತ್ತೆ, ಬಿಡಿ ಎಂದು ಮನೆಯಲ್ಲಿ ಕೂತು ಹೇಳುವುದಕ್ಕೆ ನನಗೆ ಸಂಬಳ ಕೊಡುವುದಿಲ್ಲ’ ಎನ್ನುತ್ತಿದ್ದರು ನಮ್ಮ ತಂದೆ. ಟಾರ್ಚು, ಮೀಟರು, ಕೊಡೆ ಹಿಡಿದು ಹೊರಡುತ್ತಿದ್ದರು. ಹತ್ತರಲ್ಲಿ ಒಂಬತ್ತು ಸಲ ನೆಂದ ಜಲ್ಲಿಯೇ. ಆದರೆ ಅದನ್ನು ನೋಡಿ, ಅಳೆದು, ಪುಸ್ತಕದಲ್ಲಿ ಬರೆದ ಮೇಲೆ ಮಾತ್ರ ಅದು ನೆಂದ ಜಲ್ಲಿ. ಅಲ್ಲಿಯವರೆಗೆ ಅದು ರೈಲೇ.

ಕರ್ನೆಲ್ ಪರೀಕ್ಷೆಯಲ್ಲಿ ಹೀಗೆ ಜಲ್ಲಿ ನೆನೆಯುವ ಜಾಗಗಳು ಬಹಳ. ಎರಡು ಮೂರನ್ನು ಹೇಳುತ್ತೇನೆ. 2009ರಲ್ಲಿ ಕ್ಯಾಟಲಿನ್ ಮರಿನಾಸ್ ಎಂಬವರ ‘ಕೆಮೆಮ್‌ಲೀಕ್’ ಲಿನಕ್ಸಿಗೆ ಸೇರಿತು. ಇದು ಸ್ಮೃತಿ ಸೋರಿಕೆಯನ್ನು ಹಿಡಿಯುತ್ತದೆ. ಕರ್ನೆಲ್ ಒಂದಿಷ್ಟು ಸ್ಮೃತಿಯನ್ನು ಎತ್ತಿಕೊಂಡು, ಅದರ ವಿಳಾಸವನ್ನು ಎಲ್ಲಿಯೂ ಬರೆದಿಟ್ಟುಕೊಳ್ಳದಿದ್ದರೆ ಆ ಜಾಗ ಮತ್ತೆಂದೂ ಕೈಗೆ ಬರುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ ಈ ಸಲಕರಣೆ ಸ್ಮೃತಿಯನ್ನೆಲ್ಲ ಜಾಲಾಡಿ, ಯಾರ ಬಳಿಯೂ ವಿಳಾಸವಿಲ್ಲದ ಅನಾಥ ತುಂಡುಗಳನ್ನು ಪಟ್ಟಿ ಮಾಡುತ್ತದೆ. ಆದರೆ ಯಾರಾದರೂ ವಿಳಾಸವನ್ನು ಸ್ವಲ್ಪ ತಿರುಚಿ ಬರೆದಿಟ್ಟಿದ್ದರೆ? ಜಾಲಾಡುವ ಗಳಿಗೆಯಲ್ಲಿ ವಿಳಾಸ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುತ್ತಿದ್ದರೆ? ತಂದೆ-ತಾಯಿ ಇದ್ದ ಮಗುವಿಗೂ ಅನಾಥ ಎಂಬ ಚೀಟಿ! ಅದಕ್ಕಾಗಿ ಸಿಜ್‌ಕಾಲರ್ ಒಂದೇ ಸಲ ನೋಡಿ ದೂರು ಕೊಡುವುದಿಲ್ಲ, ಮತ್ತೆ ಮತ್ತೆ ಜಾಲಾಡಿಸುತ್ತದೆ. ಎರಡನೆಯ ಸಲವೂ ಅದೇ ತುಂಡು ಅಲುಗಾಡದೆ ಅಲ್ಲೇ ಬಿದ್ದಿದ್ದರೆ ಮಾತ್ರ ವರದಿ.

2006ರಲ್ಲಿ ಇಂಗೊ ಮೋಲ್ನಾರ್ ಮತ್ತು ಆರ್ಯನ್ ವಾನ್ ಡ ವೆನ್ ತಂದ ‘ಲಾಕ್‌ಡೆಪ್’ ಇನ್ನೊಂದು. ಒಬ್ಬ ಮೊದಲು ಕೋಣೆಗೆ, ಆಮೇಲೆ ಪೆಟ್ಟಿಗೆಗೆ ಬೀಗ ಹಾಕುತ್ತಾನೆ. ಇನ್ನೊಬ್ಬ ಮೊದಲು ಪೆಟ್ಟಿಗೆಗೆ, ಆಮೇಲೆ ಕೋಣೆಗೆ. ಇಬ್ಬರೂ ಒಂದೇ ಹೊತ್ತಿಗೆ ಬಂದರೆ ಒಬ್ಬರಿಗಾಗಿ ಒಬ್ಬರು ಕಾಯುತ್ತ ನಿಂತೇ ಇರಬೇಕು. ಲಾಕ್‌ಡೆಪ್ ಈ ಕ್ರಮವನ್ನು ನೆನಪಿಟ್ಟುಕೊಂಡು, ಅಪಘಾತ ನಡೆಯದಿದ್ದರೂ ‘ಹೀಗಾಗಬಹುದು’ ಎಂದು ಮೊದಲೇ ಕೂಗುತ್ತದೆ. ಬಹಳ ಒಳ್ಳೆಯ ಸಲಕರಣೆ. ಆದರೆ ಒಂದೇ ಜಾತಿಯ ಬೀಗಗಳನ್ನೆಲ್ಲ ಒಂದೇ ಎಂದು ತಿಳಿಯುವುದು ಅದರ ಸ್ವಭಾವ. ತಾಯಿ ಡೈರೆಕ್ಟರಿಗೆ ಬೀಗ ಹಾಕಿ ನಂತರ ಮಗು ಡೈರೆಕ್ಟರಿಗೆ ಹಾಕಿದರೆ, ‘ಹಾಕಿದ ಬೀಗವನ್ನೇ ಮತ್ತೆ ಹಾಕುತ್ತಿದ್ದೀಯೆ’ ಎಂದು ಬೊಬ್ಬೆ ಹೊಡೆಯುತ್ತದೆ. ಇದು ತಾಯಿ, ಇದು ಮಗು ಎಂದು ತಂತ್ರಜ್ಞರೇ ಸಾಲಿನ ಪಕ್ಕದಲ್ಲಿ ತಿಳಿಸಿ ಹೇಳಬೇಕು.

ಮೂರನೆಯದು ವಾದಕ್ಕೆ ಬಿದ್ದದ್ದು. ಡಿಸ್ಕೊಂದನ್ನು ಕರ್ನೆಲ್ ಬಳಸುತ್ತಿರುವಾಗಲೇ ಪರೀಕ್ಷಾ ಯಂತ್ರ ಹಿಂಬಾಗಿಲಿನಿಂದ ಅದೇ ಡಿಸ್ಕಿಗೆ ಕಸ ಬರೆಯುತ್ತಿತ್ತು. ಕರ್ನೆಲ್ ಕುಸಿಯುತ್ತಿತ್ತು, ವರದಿ ಹೋಗುತ್ತಿತ್ತು. ಯಂತ್ರದ ಸರ್ವಾಧಿಕಾರ ಇರುವವನಿಗೆ ಮಾತ್ರ ಸಾಧ್ಯವಾಗುವ ಕೆಲಸ ಇದು. ದೇವಸ್ಥಾನದ ಬೀಗದ ಕೈ ಇರುವವನೇ ತಳಪಾಯ ಅಗೆದು, ‘ಗೋಡೆ ಬಿರುಕು ಬಿಟ್ಟಿದೆ, ಶಿಲ್ಪಿಯ ತಪ್ಪು’ ಎಂದು ಅರ್ಜಿ ಕೊಟ್ಟ ಹಾಗೆ. ಕೊನೆಗೆ 2024ರಲ್ಲಿ ಬಂದ 6.8ನೇ ಲಿನಕ್ಸ್ ಆವೃತ್ತಿಯಲ್ಲಿ, ಬಳಕೆಯಲ್ಲಿರುವ ಡಿಸ್ಕಿಗೆ ಹೀಗೆ ಬರೆಯದಂತೆ ತಡೆಯುವ ಆಯ್ಕೆಯನ್ನೇ ಸೇರಿಸಿದರು.

ಟೋಕನ್ ಚೆಂಡು ಮತ್ತು ಟಾಟಾ ಇನ್‌ಸ್ಟಿಟ್ಯೂಟ್

ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಹಳಬರು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಸಮಸ್ಯೆಯ ಮೇಲೆ ಒಳ್ಳೆಯ ಕೆಲಸ ನಡೆದಿದೆ. ಪಲ್ಲವಿ ಮೈಯ, ಆದಿತ್ಯ ಕಾನಡೆ ಮತ್ತು ರೂಪಕ್ ಮಜುಮ್ದಾರ್ 2014ರಲ್ಲಿ ಆಂಡ್ರಾಯ್ಡ್ ಆ್ಯಪ್‌ಗಳಿಗಾಗಿ ‘ಡ್ರಾಯ್ಡ್‌ರೇಸರ್’ ಎಂಬ ಸಲಕರಣೆಯನ್ನು ಪ್ರಕಟಿಸಿದರು. 15 ಆ್ಯಪ್‌ಗಳನ್ನು ಪರೀಕ್ಷಿಸಿದ್ದರು. ಆಂಡ್ರಾಯ್ಡ್ ಒಳಗೆ ಏನು ನಡೆಯುತ್ತದೆ ಎಂಬುದರ ಮಾದರಿಯನ್ನು ಸಲಕರಣೆಗೆ ಮೊದಲೇ ತಿಳಿಸಿ ಸುಳ್ಳು ಎಚ್ಚರಿಕೆಗಳನ್ನು ಕಡಿಮೆ ಮಾಡಿದ್ದು ಅದರ ಒಂದು ವಿಶೇಷ.

ನನಗೆ ಇನ್ನೂ ಹತ್ತಿರವಾದದ್ದು ಅದೇ ಸಂಸ್ಥೆಯಿಂದ 2019ರಲ್ಲಿ ಬಂದ ನಿಕಿತಾ ಚೋಪ್ರಾ, ರೇಖಾ ಪೈ ಮತ್ತು ದೀಪಕ್ ಡಿಸೋಜಾ ಅವರ ಪ್ರಬಂಧ. ಅವರು ಕೈಗೆತ್ತಿಕೊಂಡದ್ದು ಕರ್ನೆಲ್ಲನ್ನೇ. ಸಣ್ಣ ಸಣ್ಣ ಉಪಕರಣಗಳಲ್ಲಿ ಕೆಲಸ ಮಾಡುವ ‘ಫ್ರೀಆರ್‌ಟಿಒಎಸ್’ ಎಂಬುದು ಅದು. ಎರಡು ಕೆಲಸಗಳು ಒಂದೇ ಜಾಗದ ಮಾಹಿತಿಯನ್ನು ಒಟ್ಟಿಗೆ ಮುಟ್ಟಿದರೆ ಡಿಕ್ಕಿ. ಸಾಮಾನ್ಯ ತನಿಖೆಯ ಯಂತ್ರ, ಮುಟ್ಟುವ ಮೊದಲು ಬೀಗ ಹಾಕಿದ್ದಾರೆಯೇ ಎಂದು ನೋಡುತ್ತದೆ. ಬೀಗ ಕಾಣದಿದ್ದರೆ ಡಿಕ್ಕಿ ಎಂದು ಕೂಗುತ್ತದೆ. ಆದರೆ ಇಂಥ ಕರ್ನೆಲ್‌ಗಳಲ್ಲಿ ಬೀಗವೇ ಇಲ್ಲದೆ ಬೇರೆ ಉಪಾಯಗಳಿರುತ್ತವೆ. ಸ್ವಲ್ಪ ಹೊತ್ತು ಹೊರಗಿನ ಅಡಚಣೆಗಳನ್ನೇ ತಡೆಹಿಡಿಯುವುದು, ಕೆಲಸಗಳ ಸರದಿ ಬದಲಾಯಿಸುವವನನ್ನೇ ನಿಲ್ಲಿಸುವುದು ಇತ್ಯಾದಿ. ಈ ರಿವಾಜು ತಿಳಿಯದ ತನಿಖಾ ಯಂತ್ರಕ್ಕೆ ಎಲ್ಲೆಲ್ಲೂ ಡಿಕ್ಕಿಯೇ ಕಾಣುತ್ತದೆ.

ಇದನ್ನು ಓದಿದಾಗ ನನಗೆ ಮೀಟರ್ ಗೇಜ್ ಕಾಲದ ಒಂಟಿ ಹಳಿಯೂ ಟೋಕನ್ ಚೆಂಡೂ ನೆನಪಾದವು. ಒಂಟಿ ಹಳಿಯಲ್ಲಿ ಎರಡೂ ಕಡೆಯಿಂದ ರೈಲು ಬರುತ್ತವೆ. ಹೊರಗಿನವನು ನೋಡಿದರೆ ‘ಇವತ್ತಲ್ಲ ನಾಳೆ ಢಿಕ್ಕಿ’ ಎಂದೇ ಅಂದುಕೊಳ್ಳಬೇಕು. ಆದರೆ ಎರಡು ಸ್ಟೇಷನ್ನುಗಳ ನಡುವೆ ಒಂದು ಹೊತ್ತಿಗೆ ಒಂದೇ ಚೆಂಡು ಹೊರಗೆ ಬರುವಂತೆ ಯಂತ್ರಗಳನ್ನು ಜೋಡಿಸಿರುತ್ತಾರೆ. ಚೆಂಡು ಕೈಯಲ್ಲಿಲ್ಲದೆ ಡ್ರೈವರ್ ಹೊರಡುವಂತಿಲ್ಲ. ಸಂಸ್ಥೆಯ ಆ ಪ್ರಬಂಧದ ಮುಖ್ಯ ವಿಚಾರವೂ ಇದೇ. ಯಾವ ಎರಡು ಭಾಗಗಳು ಎಂದಿಗೂ ಒಂದರ ಮೇಲೊಂದು ಬರಲಾರವು ಎಂಬುದನ್ನು ಮೊದಲು ಗುರುತಿಸಬೇಕು. ಅವನ್ನು ಅವರು ‘ಡಿಸ್‌ಜಾಯಿಂಟ್ ಬ್ಲಾಕ್’ ಎಂದು ಕರೆದಿದ್ದಾರೆ. ಆಮೇಲೆ ಉಳಿದದ್ದರಲ್ಲಿ ಮಾತ್ರ ಡಿಕ್ಕಿಯನ್ನು ಹುಡುಕಬೇಕು. ಊರಿನ ಪದ್ಧತಿ ತಿಳಿಯದೆ ಊರಿನ ತಪ್ಪು ಹುಡುಕಬಾರದು ಎಂದು ನಮ್ಮಜ್ಜಿ ಹೇಳುತ್ತಿದ್ದ ಮಾತಿಗೂ ಇದಕ್ಕೂ ಹೆಚ್ಚು ದೂರವಿಲ್ಲ.

ಗಂಧ ಒಣಗದ ಜಾಗ

ಅರಸೀಕೆರೆಯಿಂದ ಬಾಣಾವರ, ಜಾವಗಲ್ ದಾಟಿ ಹಳೇಬೀಡು, ಅಲ್ಲಿಂದ 16 ಕಿಲೋಮೀಟರ್ ಬೇಲೂರು. ಶಾಲೆಯ ಪ್ರವಾಸದಲ್ಲಿ ಈ ದಾರಿ ಹಿಡಿಯದ ನಮ್ಮ ಕಡೆಯ ಮಕ್ಕಳಿಲ್ಲ. ಬೇಲೂರಿನಲ್ಲಿ ಗೈಡ್ ಹೇಳುವ ಕಪ್ಪೆ ಚೆನ್ನಿಗರಾಯನ ಕಥೆಯೂ ಎಲ್ಲರಿಗೂ ಬಾಯಿಪಾಠ. ಜಕಣಾಚಾರಿ ಕೆತ್ತಿದ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದು ಎಲ್ಲಿಂದಲೋ ಬಂದ ಹುಡುಗ ಡಂಕಣ ಹೇಳುತ್ತಾನೆ. ಇದ್ದರೆ ಬಲಗೈ ಕತ್ತರಿಸಿಕೊಳ್ಳುತ್ತೇನೆ ಎಂದು ಜಕಣಾಚಾರಿಯ ಪಣ. ವಿಗ್ರಹಕ್ಕೆಲ್ಲ ಗಂಧ ಬಳಿಯುತ್ತಾರೆ. ಎಲ್ಲ ಕಡೆ ಒಣಗುತ್ತದೆ, ಹೊಕ್ಕುಳಿನ ಹತ್ತಿರ ಮಾತ್ರ ಒಣಗುವುದಿಲ್ಲ. ಅಲ್ಲಿ ಉಳಿ ಇಟ್ಟರೆ ನೀರು, ಮರಳು, ಜೊತೆಗೆ ಜೀವಂತ ಕಪ್ಪೆ.

ಇದು ದಂತಕಥೆ, ಶಾಸನದ ಮಾತಲ್ಲ. ಆದರೂ ಪರೀಕ್ಷಕನ ಕಣ್ಣಿನಿಂದ ನೋಡಿದರೆ ಎಂಥ ಅಚ್ಚುಕಟ್ಟಾದ ಕಥೆ! ಗಂಧ ಬಳಿಯುವುದು ಮೊದಲ ಪರೀಕ್ಷೆ. ಅಗ್ಗ, ಕಲ್ಲಿಗೂ ಹಾನಿಯಿಲ್ಲ. ಆದರೆ ಅದು ಕಪ್ಪೆಯನ್ನು ತೋರಿಸುವುದಿಲ್ಲ, ತೇವವನ್ನು ಮಾತ್ರ ತೋರಿಸುತ್ತದೆ. ಆ ಜಾಗದಲ್ಲಿ ಗಂಧ ದಪ್ಪಗೆ ಬಿದ್ದಿದ್ದರೂ, ನೆರಳಿದ್ದರೂ ತೇವ ಉಳಿಯುತ್ತಿತ್ತು. ಉಳಿಯ ಪೆಟ್ಟು ಎರಡನೆಯ ಪರೀಕ್ಷೆ. ಅದು ಖಚಿತ, ಆದರೆ ದುಬಾರಿ. ಪೆಟ್ಟು ಕೊಟ್ಟು ಕಪ್ಪೆ ಇಲ್ಲದೆ ಹೋಗಿದ್ದರೆ? ದೋಷವಿಲ್ಲದ ವಿಗ್ರಹ ಸುಳ್ಳು ಎಚ್ಚರಿಕೆಯಿಂದಲೇ ಭಿನ್ನವಾಗಿಬಿಡುತ್ತಿತ್ತು.

ಹೀಗೆ ಭಿನ್ನವಾದದ್ದು ನಿಜವಾಗಿಯೂ ಇದೆ. ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯಲ್ಲಿ 2006ರಲ್ಲಿ, ಪರೀಕ್ಷಾ ಸಲಕರಣೆಯೊಂದು ಓಪನ್‌ಎಸ್‌ಎಸ್‌ಎಲ್ ಎಂಬ ಗುಪ್ತಲಿಪಿಯ ತಂತ್ರಾಂಶದಲ್ಲಿ ‘ಬೆಲೆ ತುಂಬದ ಸ್ಮೃತಿಯನ್ನು ಬಳಸುತ್ತಿದ್ದೀರಿ’ ಎಂದು ಎಚ್ಚರಿಸಿತು. ಆ ಬಳಕೆಯಿಂದ ಅಪಾಯವೇನೂ ಇರಲಿಲ್ಲ. ಆದರೆ ಎಚ್ಚರಿಕೆಯನ್ನು ನಿಲ್ಲಿಸಲೆಂದು ಸಾಲುಗಳನ್ನು ತೆಗೆದುಹಾಕಿದರು. ಅವುಗಳಲ್ಲಿ ಒಂದು, ಬೀಗದ ಕೈ ತಯಾರಿಸಲು ಬೇಕಾದ ಯಾದೃಚ್ಛಿಕ ಸಂಖ್ಯೆಗಳಿಗೆ ಜೀವಾಳವಾಗಿತ್ತು. ಫಲವಾಗಿ ಎಣಿಸಲಾರದಷ್ಟು ಇರಬೇಕಾದ ಕೀಲಿಗಳು, ಒಂದೊಂದು ಬಗೆಗೆ ಸುಮಾರು 32 ಸಾವಿರಕ್ಕೆ ಇಳಿದವು. ಅಷ್ಟನ್ನು ಒಂದೊಂದಾಗಿ ಪ್ರಯತ್ನಿಸುವುದು ಕಂಪ್ಯೂಟರಿಗೆ ಮಕ್ಕಳಾಟ. 2008ರ ಮೇ ತಿಂಗಳಿನಲ್ಲಿ ಲುಸಿಯಾನೊ ಬೆಲ್ಲೊ ಎಂಬವರು ಕಂಡುಹಿಡಿಯುವವರೆಗೆ ಈ ಬಾಗಿಲು ತೆರೆದೇ ಇತ್ತು. ಇಲ್ಲದ ಕಪ್ಪೆಯನ್ನು ಹುಡುಕಿ ಹೊಕ್ಕುಳನ್ನೇ ಕೊರೆದುಬಿಟ್ಟಿದ್ದರು.

ಒಂದು ಸಣ್ಣ ಲೆಕ್ಕ

ವಿದ್ಯಾರ್ಥಿಗಳು ಕಾಗದ ಪೆನ್ಸಿಲ್ ತೆಗೆದುಕೊಳ್ಳಲಿ. ಕೇವಲ ಲೆಕ್ಕಕ್ಕೆಂದು, ಪರೀಕ್ಷಿಸಬೇಕಾದ ಜಾಗಗಳು 1,00,000 ಎಂದುಕೊಳ್ಳೋಣ. ಅವುಗಳಲ್ಲಿ ನಿಜವಾದ ದೋಷ 100. ನಮ್ಮ ಯಂತ್ರ ಬಹಳ ಒಳ್ಳೆಯದು. ನಿಜವಾದ ದೋಷ 100ರಲ್ಲಿ 99ನ್ನು ಹಿಡಿಯುತ್ತದೆ, ಸರಿಯಿರುವ ಜಾಗ 100 ನೋಡಿದರೆ ಒಂದರಲ್ಲಿ ಮಾತ್ರ ಸುಳ್ಳು ಕೂಗುತ್ತದೆ. ಹಾಗಾದರೆ ನಿಜವಾದ ಕೂಗು 99. ಸರಿಯಿರುವ 99,900 ಜಾಗಗಳಿಂದ ಸುಳ್ಳು ಕೂಗು 999. ಒಟ್ಟು 1,098 ಕೂಗುಗಳಲ್ಲಿ ನಿಜ 99 ಮಾತ್ರ, ಅಂದರೆ ಹನ್ನೊಂದರಲ್ಲಿ ಒಂದು! ಯಂತ್ರ ನೂರಕ್ಕೆ ತೊಂಬತ್ತೊಂಬತ್ತು ಸರಿ ಎಂಬುದೂ ನಿಜ, ಅದು ಕೂಗಿದಾಗ ಹೆಚ್ಚಿನ ಸಲ ತಪ್ಪು ಎಂಬುದೂ ನಿಜ. ದೋಷ ಅಪರೂಪವಾದಷ್ಟೂ ಸುಳ್ಳು ಕೂಗಿನ ಪಾಲು ಹೆಚ್ಚು.

ತಂದೆ ತಾಯಿಯರಿಗೆ ಈ ಲೆಕ್ಕ ಆಸ್ಪತ್ರೆಯ ಚೀಟಿ ಕೈಗೆ ಬಂದಾಗ ಉಪಯೋಗಕ್ಕೆ ಬರುತ್ತದೆ. ಎಚ್‌ಐವಿಯಂಥ ಪರೀಕ್ಷೆಗಳಲ್ಲಿ ಮೊದಲ ಫಲಿತಾಂಶ ನೋಡಿಯೇ ಯಾರೂ ತೀರ್ಪು ಕೊಡುವುದಿಲ್ಲ. ಬೇರೆ ಬಗೆಯ ಪರೀಕ್ಷೆಗಳಿಂದ ದೃಢಪಡಿಸುತ್ತಾರೆ. ಮೊದಲ ಚೀಟಿಗೆ ಎದೆ ಒಡೆದುಕೊಳ್ಳಬಾರದು. ಹಾಗೆಂದು ಎರಡನೆಯ ಪರೀಕ್ಷೆಯನ್ನು ತಪ್ಪಿಸಲೂಬಾರದು.

ಹನ್ನೊಂದರಲ್ಲಿ ಒಂದು ನಿಜ ಎಂದಾಗ ಮನುಷ್ಯನ ಮನಸ್ಸು ಏನು ಮಾಡುತ್ತದೆ? ಹತ್ತು ಸಲ ಮೋಸಹೋದ ಮೇಲೆ ಹನ್ನೊಂದನೆಯದನ್ನು ನೋಡುವುದೇ ಇಲ್ಲ. ಇದಕ್ಕೆ ಸಂಬಂಧಿಸಿದ ಒಂದು ಘಟನೆ ಹೇಳಬೇಕು.

ಕೆಲವು ವರ್ಷಗಳ ಹಿಂದೆ ನಾನಿದ್ದ ತಂಡಕ್ಕೆ, ರೋಗಿಯ ಹಾಸಿಗೆಯ ಪಕ್ಕದಲ್ಲಿಟ್ಟು ನಾಡಿ, ಉಸಿರು ತೋರಿಸುವ ಉಪಕರಣವೊಂದರ ಕರ್ನೆಲ್ ಪರೀಕ್ಷೆಗೆ ಬಂದಿತ್ತು. ಸ್ಮೃತಿ ಸೋರಿಕೆಯ ವರದಿಗಳು ದಿನವೂ ಬರುತ್ತಿದ್ದವು, ದಿನವೂ ಸುಳ್ಳೆಂದು ತಿಳಿಯುತ್ತಿತ್ತು. ಬಿಡುಗಡೆಯ ದಿನ ಹತ್ತಿರ ಬಂದಾಗ, ಆ ಬಗೆಯ ವರದಿಗಳನ್ನೆಲ್ಲ ಒಟ್ಟಾಗಿ ‘ಸುಳ್ಳು’ ಎಂಬ ಕಟ್ಟಿಗೆ ಸೇರಿಸಿಬಿಡೋಣ ಎಂಬ ಮಾತು ಎದ್ದಿತು. ಹಾಸನದಲ್ಲಿ ಎಂಜಿನಿಯರಿಂಗ್ ಮುಗಿಸಿ ಆಗತಾನೇ ಸೇರಿದ್ದ ಹುಡುಗಿಯೊಬ್ಬಳು, ‘ಇನ್ನು ಮೂರು ದಿನ ಕೊಡಿ’ ಎಂದಳು. ಅವಳಿಗೆ ಬೆಂಬಲವಾಗಿ ನಿಂತವರಲ್ಲಿ ನಾನೂ ಒಬ್ಬ. ನನಗೆ ನಮ್ಮ ತಂದೆಯ ಟಾರ್ಚು ಕಣ್ಣಿಗೆ ಕಟ್ಟಿದಂತಿತ್ತು.

ಅವಳು ಮಾಡಿದ ಉಪಾಯ ಸರಳ. ವರದಿಯಲ್ಲಿದ್ದ ಒಂದೊಂದು ಜಾಗಕ್ಕೂ ಸಂಬಂಧಿಸಿದ ಕ್ರಿಯೆಯನ್ನು ಸಾವಿರ ಸಲ ಮಾಡಿಸಿದಳು. ಸಾವಿರ ಸಲ ಮಾಡಿದ ಮೇಲೂ ಅನಾಥ ತುಂಡು ಒಂದೇ ಆಗಿ ಉಳಿದರೆ ಅದು ಸುಳ್ಳು. ವಿಳಾಸ ಎಲ್ಲೋ ತಿರುಚಿಟ್ಟಿದ್ದಾರೆ ಅಷ್ಟೆ. ಸಾವಿರ ಸಲಕ್ಕೆ ಸಾವಿರ ತುಂಡು ಆದರೆ ಅದು ನಿಜವಾದ ಸೋರಿಕೆ. ಒಂದು ಬಿಟ್ಟು ಎಲ್ಲವೂ ಸುಳ್ಳೇ ಆದವು. ಆ ಒಂದು ಮಾತ್ರ, ವೈರ್‌ಲೆಸ್ ಸಂಪರ್ಕ ಕಡಿದು ಮತ್ತೆ ಕೂಡಿಕೊಂಡಾಗಲೆಲ್ಲ ಚೂರು ಚೂರು ಸ್ಮೃತಿಯನ್ನು ನುಂಗುತ್ತಿತ್ತು. ಸಂಪರ್ಕ ಸರಿಯಿರುವ ಕಡೆ ತಿಂಗಳುಗಟ್ಟಲೆ ಗೊತ್ತಾಗುತ್ತಿರಲಿಲ್ಲ. ಸಂಪರ್ಕ ಪದೇ ಪದೇ ಕಡಿಯುವ ಊರಿನ ಆಸ್ಪತ್ರೆಯಲ್ಲಿ ಕೆಲವೇ ದಿನಗಳಿಗೆ ಸ್ಮೃತಿ ಬರಿದಾಗಿ ಉಪಕರಣ ತಾನಾಗಿ ನಿಂತು ಮತ್ತೆ ಶುರುವಾಗುತ್ತಿತ್ತು. ಆ ನಡುವಿನ ಹೊತ್ತಿನಲ್ಲಿ ರೋಗಿಯ ನಾಡಿಯನ್ನು ನೋಡುವವರು ಯಾರು? ಸಂಪರ್ಕ ಕಡಿಯುವ ಊರು ಎಂದರೆ ನಮ್ಮಂಥ ಊರುಗಳೇ ತಾನೆ.

ಹೆಸರು ಕೊರೆಯುವ ಮೊದಲು

ಇತ್ತೀಚೆಗೆ ಕಾಲೇಜುಗಳಿಗೆ ಹೋದಾಗ ವಿದ್ಯಾರ್ಥಿಗಳು, ‘ಸರ್, ಯಂತ್ರ ಓಡಿಸಿ ಐವತ್ತು ಬಗ್ ಹಿಡಿದಿದ್ದೇನೆ, ಎಲ್ಲವನ್ನೂ ಕಳಿಸಿಬಿಡಲೇ?’ ಎಂದು ಕೇಳುತ್ತಾರೆ. ಕೃತಕ ಬುದ್ಧಿಮತ್ತೆಯ ಸಹಾಯ ಬಂದ ಮೇಲೆ ವರದಿ ಬರೆಯುವುದು ಇನ್ನೂ ಸುಲಭ. ಕರ್ಲ್ ಎಂಬ ತಂತ್ರಾಂಶದ ಡೇನಿಯಲ್ ಸ್ಟೆನ್‌ಬರ್ಗ್, ಇಂಥ ಯಂತ್ರ ಬರೆದ ಹುಸಿ ವರದಿಗಳು ತಮ್ಮ ಹೊತ್ತನ್ನು ತಿನ್ನುತ್ತಿವೆ ಎಂದು 2024ರಲ್ಲೇ ಬಹಿರಂಗವಾಗಿ ಬೇಸರಪಟ್ಟರು. ಆ ತುದಿಯಲ್ಲಿ ಕೂತು ಓದುವವರು ಮನುಷ್ಯರು. ಐವತ್ತರಲ್ಲಿ ನಲವತ್ತೈದು ಸುಳ್ಳಾದರೆ ಉಳಿದ ಐದು ನಿಜವನ್ನು ಅವರು ಓದುವುದಿಲ್ಲ; ಮುಂದಿನ ಸಲ ನಿಮ್ಮ ಹೆಸರು ಕಂಡರೆ ಕಾಗದವನ್ನೇ ತೆರೆಯುವುದಿಲ್ಲ.

ಹೊಯ್ಸಳ ಶಿಲ್ಪಿಗಳು ಕೆತ್ತನೆಯ ಕೆಳಗೆ ತಮ್ಮ ಹೆಸರು ಕೊರೆಯುತ್ತಿದ್ದರು. ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಇವರ ಹೆಸರುಗಳು ಹಾಗೆಯೇ ಉಳಿದಿವೆ. ಲಿನಕ್ಸ್ ಕರ್ನೆಲ್ಲಿನ ಕಡತಗಳಲ್ಲೂ ಕೆಲಸ ಮಾಡಿದವರ ಹೆಸರು ಇರುತ್ತದೆ. ಓಡುತ್ತಿರುವ ಕರ್ನೆಲ್ಲಿನ ಒಳಗೆ ಇಣುಕಿ ನೋಡಲು ನೆರವಾಗುವ ‘ಕೆಪ್ರೋಬ್ಸ್’ ಎಂಬ ಭಾಗದ ಕಡತಗಳನ್ನು ತೆರೆದರೆ ಐಬಿಎಂನಲ್ಲಿದ್ದ ಪ್ರಸನ್ನ ಪಂಚಮುಖಿ, ಅನಂತ ಮಾವಿನಕಾಯನಹಳ್ಳಿ ಎಂಬ ಹೆಸರುಗಳು 2004ರ ಕೆಲಸದ ಜೊತೆಗೆ ಸಿಗುತ್ತವೆ. ಯಾವ ಊರಿನ ವಿದ್ಯಾರ್ಥಿಯ ಹೆಸರಿಗೂ ಅಲ್ಲಿ ಜಾಗವಿದೆ. ಕರ್ನೆಲ್ಲಿನ ಪೂರ್ತಿ ಸಾಲುಗಳು ಯಾರಿಗೂ ಉಚಿತ, ಸಿಜ್‌ಕಾಲರ್ ಕೂಡ ಉಚಿತ, ಸಾಧಾರಣ ಕಂಪ್ಯೂಟರ್ ಸಾಕು.

ಮಾಡಬೇಕಾದದ್ದು ಮೂರು. ಒಂದು, ಎಚ್ಚರಿಕೆ ಮತ್ತೆ ಬರುತ್ತದೆಯೇ ನೋಡಿ. ದೋಷವನ್ನು ಬೇಕೆಂದಾಗ ಮರುಕಳಿಸಿ ತೋರಿಸುವ ಚಿಕ್ಕ ಕಾರ್ಯಕ್ರಮ ಬರೆಯಿರಿ. ಎರಡು, ಆ ಜಾಗದ ಪದ್ಧತಿಯನ್ನು ಓದಿ. ಬೀಗವಿಲ್ಲ ಎನ್ನುವ ಮೊದಲು ಟೋಕನ್ ಇದೆಯೇ ಹುಡುಕಿ. ಮೂರು, ಸುಳ್ಳೆಂದು ತೀರ್ಮಾನಿಸಿದರೆ ಏಕೆ ಸುಳ್ಳು ಎಂಬುದನ್ನು ನಾಲ್ಕು ಸಾಲು ಬರೆದಿಡಿ. ಕಾರಣ ಬರೆಯಲು ಬಾರದಿದ್ದರೆ ನೀವು ಅದನ್ನು ಸುಳ್ಳೆಂದು ತಿಳಿದಿಲ್ಲ, ಬೇಸರಕ್ಕೆ ಬಿಟ್ಟಿದ್ದೀರಿ ಅಷ್ಟೆ.

ಕೊನೆಯ ಮಾತು ತಂದೆ ತಾಯಿಯರಿಗೆ. ಮಗನೋ ಮಗಳೋ ಮೂರು ದಿನ ಕಂಪ್ಯೂಟರಿನ ಮುಂದೆ ಕೂತು, ಕೊನೆಗೆ ‘ಅಲ್ಲಿ ಏನೂ ಇರಲಿಲ್ಲ’ ಎಂದರೆ, ಹೊತ್ತು ಹಾಳಾಯಿತೆಂದು ಗದರಬೇಡಿ. ಏನೂ ಇಲ್ಲ ಎಂಬುದು ಹೇಗೆ ಗೊತ್ತಾಯಿತು ಎಂದು ಕೇಳಿ. ಉತ್ತರ ಸರಿಯಾಗಿ ಹೇಳಿದರೆ, ಆ ಮೂರು ದಿನಕ್ಕೆ ಅವರು ಕಲಿತದ್ದು ಕಡಿಮೆಯಲ್ಲ.